ಹಾಜರಿಯಲ್ಲಿಲ್ಲದ ಗೇಜ್ ರೀಡರ್

ಕಾಲುವೆ ಕ್ಯಾಂಪ್, ಸುರಪುರ ತಾಲ್ಲೂಕು
7 ಜುಲೈ 1991

ಅಕ್ಕ ಮಲ್ಲಿಕಮ್ಮನಿಗೆ ಈಶಪ್ಪ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಕಾಲುವೆಗೆ ನೀರು ಬರುವ ಗದ್ದಲದಲ್ಲಿ ಉತ್ತರ ಬರೆಯುವುದಾಗಲಿಲ್ಲ. ಸೈದಾಪುರದಲ್ಲಿ ಮಳೆ ಹೇಗಿದೆ? ನಿನ್ನ ನಾಲ್ಕನೆಯ ತರಗತಿಗೆ ಈ ಸಲ ಎಷ್ಟು ಮಕ್ಕಳು ಬಂದಿದ್ದಾರೆ? ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಟ್ಟಿಲ್ಲ ತಾನೇ?

ಮೊನ್ನೆ ಮಂಗಳವಾರ ನೀರು ಬಂತು. ಒಣ ಕಾಲುವೆಗೆ ನೀರು ಬರುವುದನ್ನು ನೀನು ನೋಡಿಲ್ಲ. ಮೊದಲು ಕಸ ಬರುತ್ತದೆ. ಎಲೆ, ಹರಿದ ಚಪ್ಪಲಿ, ಒಂದು ಸತ್ತ ಹಾವು. ಅದರ ಹಿಂದೆ ಕಂದು ನೊರೆ. ಆಮೇಲೆ ನೀರು, ಸದ್ದಿಲ್ಲದೆ, ಯಾರದೋ ಮನೆಗೆ ಮೊದಲ ಸಲ ಬಂದವರ ಹಾಗೆ. ದಂಡೆಯ ಮೇಲೆ ಜನ ಅದರ ಜೊತೆಗೇ ನಡೆದರು. ನನ್ನ ಜೊತೆಗಾರ ಖಾಜಾಹುಸೇನ ಟೋಪಿ ತೆಗೆದು ನೀರಿನಲ್ಲಿ ಅದ್ದಿ ತಲೆಗೆ ಹಾಕಿಕೊಂಡ. ಐದು ವರ್ಷದಿಂದ ನೋಡುತ್ತಿದ್ದಾನೆ, ಆದರೂ ಪ್ರತಿ ವರ್ಷ ಹಾಗೇ ಮಾಡುತ್ತಾನೆ.

ನನ್ನ ಕೆಲಸ ಏನೆಂದು ಓಣಿಯವರು ಅವ್ವನನ್ನು ಕೇಳುತ್ತಾರೆ ಎಂದು ನೀನು ಬರೆದಿದ್ದೆ. ಹೀಗೆ ಹೇಳು. ಕಾಲುವೆಯ ಗೋಡೆಗೆ ಅಳತೆಯ ಪಟ್ಟಿ ಬರೆದಿರುತ್ತಾರೆ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರು ಎಲ್ಲಿ ನಿಂತಿದೆ ಎಂದು ನಾನು ನೋಡಿ ಬರೆಯಬೇಕು. ನಾನು ಬರೆದ ಅಂಕಿಯ ಮೇಲೆ ಮೇಲಿನವರು ಗೇಟು ಏರಿಸುತ್ತಾರೆ, ಇಳಿಸುತ್ತಾರೆ. ನೀರು ಹೆಚ್ಚಾದರೆ ದಂಡೆಗೆ ಅಪಾಯ, ಕಡಿಮೆಯಾದರೆ ಕೊನೆಯ ಊರಿಗೆ ಮುಟ್ಟುವುದಿಲ್ಲ. ಗೇಜ್ ರೀಡರ್ ಎನ್ನುತ್ತಾರೆ. ಅಪ್ಪ ಇದೇ ಕಾಲುವೆಗೆ ಕಲ್ಲು ಹೊತ್ತ. ಮಗ ಅದೇ ಕಲ್ಲಿನ ಮೇಲೆ ಪೆನ್ನು ಹಿಡಿದು ಕೂತಿದ್ದಾನೆ ಎಂದು ಅವ್ವ ಹೇಳಲಿ, ಸುಳ್ಳಲ್ಲ.

ಜೋಳ ಬಿತ್ತುತ್ತಿದ್ದ ಎರೆ ಹೊಲಗಳೆಲ್ಲ ಗದ್ದೆಯಾಗಿವೆ. ಆಂಧ್ರದ ಕಡೆಯ ರೈತರು ಬಂದು ಗುಡಿಸಲು ಹಾಕಿದ್ದಾರೆ. ನೆಲ್ಲು ಹಚ್ಚಲು ನಿಮ್ಮ ಸೈದಾಪುರದ ಹೆಣ್ಣುಮಕ್ಕಳೂ ಗಾಡಿಗಟ್ಟಲೆ ಬರುತ್ತಾರೆ. ಸುರಪುರದ ಬಜಾರಿನಲ್ಲಿ ಸಂಜೆ ಕಾಲಿಡಲು ಜಾಗವಿಲ್ಲ. ಒಂದೇ ಸಾಲಿನಲ್ಲಿ ಮೂರು ಹೊಸ ಬಟ್ಟೆ ಅಂಗಡಿ. ಬರುವ ವರ್ಷದೊಳಗೆ ದಿನಗೂಲಿಯ ನಮ್ಮನ್ನೆಲ್ಲ ಖಾಯಂ ಮಾಡುತ್ತಾರೆ ಎಂದು ಇಂಜಿನಿಯರ್ ಸಾಹೇಬರು ಬಾಯಿಬಿಟ್ಟೇ ಹೇಳಿದ್ದಾರೆ.

ನಿನ್ನ ತಮ್ಮ
ಈಶಪ್ಪ


ಸೈದಾಪುರ
21 ಜುಲೈ 1991

ಈಶಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ಅವಳೇ ಪಕ್ಕದ ಮನೆಯವರಿಗೆ ಹೇಳಿದಳು, ನೀನು ಬರೆಯದೆ ಇದ್ದುದನ್ನೂ ಸೇರಿಸಿ. ನೀನು ಹೇಳಿದರೇನೇ ಕೃಷ್ಣೆ ಇಳಿಯುತ್ತಾಳಂತೆ, ಏರುತ್ತಾಳಂತೆ.

ನನ್ನ ತರಗತಿಯಲ್ಲಿ ಈ ವರ್ಷ ನಲವತ್ತಾರು ಮಕ್ಕಳು. ಕೂರಿಸಲು ಚಾಪೆ ಸಾಲದು. ಅವರ ಅಪ್ಪ ಅವ್ವ ನಿಮ್ಮ ಕಡೆಗೆ ನೆಲ್ಲು ಹಚ್ಚಲು ಹೋಗಿ ನಾಲ್ಕು ತಿಂಗಳಿಗೆ ತಿರುಗಿ ಬರುವುದರಿಂದ ಮಕ್ಕಳನ್ನು ಅಜ್ಜಿಯರ ಹತ್ತಿರ ಬಿಟ್ಟು ಹೋಗುತ್ತಾರೆ. ಮೊದಲು ಕೂಲಿಗೆಂದು ಮುಂಬಯಿಗೆ ಹೋಗುತ್ತಿದ್ದಾಗ ಮಕ್ಕಳೂ ಹೋಗುತ್ತಿದ್ದವು. ನಿನ್ನ ಕಾಲುವೆ ನನ್ನ ಶಾಲೆಯನ್ನು ತುಂಬಿಸಿದೆ, ತಿಳಿಯಿತೇ?

ಈಗ ಮುಖ್ಯ ಮಾತು. ಸಗರದ ಮರಿಲಿಂಗಪ್ಪನವರ ಮಗಳು ಮೋನಮ್ಮ. ಹತ್ತನೆಯ ತರಗತಿ ಪಾಸಾಗಿದ್ದಾಳೆ. ಶಹಾಪುರಕ್ಕೆ ಹೊಲಿಗೆ ಕಲಿಯಲು ಹೋಗುತ್ತಾಳೆ. ನಾನೇ ಹೋಗಿ ನೋಡಿ ಬಂದೆ. ಮಾತು ಕಡಿಮೆ, ಆದರೆ ಕೇಳಿದ್ದಕ್ಕೆ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡುತ್ತಾಳೆ. ನನಗೆ ಬಹಳ ಹಿಡಿಸಿದಳು. ಮರಿಲಿಂಗಪ್ಪನವರು ಒಂದೇ ಮಾತು ಕೇಳಿದರು: "ಹುಡುಗ ಪರ್ಮನೆಂಟ್ ಆಗ್ಯಾನೇನ್ರಿ ಟೀಚರ?" ನಾನು "ಆದಂಗ ತಿಳೀರಿ" ಎಂದೆ. ಹೇಗೂ ವರ್ಷದೊಳಗೆ ಆಗುತ್ತದಲ್ಲ. ದಸರೆಯ ಹೊತ್ತಿಗೆ ಎಲೆ ಅಡಿಕೆ ಶಾಸ್ತ್ರ ಮಾಡೋಣ. ಯಾವ ದಿನ ರಜೆ ಸಿಗುತ್ತದೆ, ಬರೆ.

ಮಲ್ಲಿಕಮ್ಮ


ಕಾಲುವೆ ಕ್ಯಾಂಪ್
15 ಸೆಪ್ಟೆಂಬರ್ 1991

ಅಕ್ಕನಿಗೆ ನಮಸ್ಕಾರ.

ಎರಡು ಕಾಗದ ಬರೆದೆ ಎನ್ನುತ್ತೀ, ಎರಡೂ ಬಂದಿವೆ. ತಡವಾಯಿತು, ಸಿಟ್ಟಾಗಬೇಡ.

ಇಲ್ಲಿ ಎಲ್ಲ ಸರಿಯಾಗಿದೆ. ನೀರು ಚೆನ್ನಾಗಿ ಹರಿಯುತ್ತಿದೆ. ಮೋನಮ್ಮನ ವಿಷಯ ಈ ವರ್ಷ ಬೇಡ. ಹುಡುಗಿಯಲ್ಲಿ ಏನೂ ಕುಂದಿಲ್ಲ, ನೀನು ನೋಡಿದ ಮೇಲೆ ನಾನು ನೋಡಬೇಕಾದ್ದೂ ಇಲ್ಲ. ಆದರೂ ಈ ವರ್ಷ ಬೇಡ. ಅವರಿಗೆ ಏನಾದರೂ ಹೇಳು.

ಅವ್ವನಿಗೆ ಕೇಳಿದೆನೆಂದು ಹೇಳು.

ಈಶಪ್ಪ


ಸೈದಾಪುರ
24 ಸೆಪ್ಟೆಂಬರ್ 1991

ಈಶಪ್ಪ,

ಏನಾದರೂ ಹೇಳು ಎಂದರೆ ಏನು ಹೇಳಲಿ? ಅವರು ಕಳಿಸಿದ ಕುಪ್ಪಸ ನಮ್ಮ ಮನೆಗೆ ಬಂದಾಗಿದೆ. ಮೋನಮ್ಮ ಅವ್ವನಿಗೆಂದು ತಾನೇ ಹೊಲಿದದ್ದು. ಅವ್ವ ಅದನ್ನು ಹಾಕಿಕೊಂಡು ಸಂತೆಗೆ ಹೋಗಿ ಬಂದಳು. ಈಗ ತೆಗೆದು ವಾಪಸ್ ಕಳಿಸಲೇ?

ನಾನು ದಡ್ಡಿಯಲ್ಲ. ಎರಡು ತಿಂಗಳು ಕಾಗದವಿಲ್ಲ. ಬಂದ ಕಾಗದದಲ್ಲಿ ಎಂಟು ಸಾಲು. ಕ್ಯಾಂಪಿನಲ್ಲಿ ಯಾರನ್ನಾದರೂ ಇಷ್ಟಪಟ್ಟಿದ್ದರೆ ಹೇಳು. ಯಾವ ಜಾತಿ, ಯಾವ ಭಾಷೆ ಎಂದು ನಾನು ಕೇಳುವವಳಲ್ಲ. ಆದರೆ ಒಂದು ಮನೆಯವರಿಗೆ ಮಾತು ಕೊಟ್ಟು ಕೂರಿಸಿ ಕಾಯಿಸುವುದು ನನ್ನಿಂದ ಆಗುವುದಿಲ್ಲ. ನೌಕರಿ ಸಿಕ್ಕ ಕೂಡಲೇ ಹತ್ತನೆಯ ಪಾಸಾದ ಹುಡುಗಿ ಸಾಲದಾದಳೇ? ಹಾಗಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳು.

ನಿನ್ನೆ ತರಗತಿಯಲ್ಲಿ ದೇಶದ ಪ್ರಗತಿ ಎಂಬ ಪಾಠ ಮಾಡಿದೆ. ಅಣೆಕಟ್ಟಿನ ಚಿತ್ರವಿದೆ. ನನ್ನ ತಮ್ಮ ಇಂಥದರಲ್ಲೇ ಕೆಲಸ ಮಾಡುತ್ತಾನೆ ಎಂದೆ. ನಮ್ಮ ಓಣಿಯ ಲಾಲಮ್ಮನ ಮಗಳು ಎದ್ದು ನಿಂತು, "ನಮ್ಮವ್ವನೂ ಅಲ್ಲೇ ಹೋಗ್ಯಾಳ್ರಿ ಟೀಚರ, ಆದ್ರ ಆಕಿ ಫೋಟೋದಾಗ ಇಲ್ಲ" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ನಿನ್ನ ಕಾಗದ ನೋಡಿದ ಮೇಲೆ ನಗು ಉಳಿಯಲಿಲ್ಲ.

ಮಲ್ಲಿಕಮ್ಮ


ಕಾಲುವೆ ಕ್ಯಾಂಪ್
6 ಅಕ್ಟೋಬರ್ 1991

ಅಕ್ಕನಿಗೆ,

ನನ್ನ ಮನಸ್ಸಿನಲ್ಲಿ ಯಾರೂ ಇಲ್ಲ. ಅಪ್ಪನ ಆಣೆ. ಕ್ಯಾಂಪಿನಲ್ಲಿ ಇರುವ ಒಬ್ಬಳೇ ಹೆಣ್ಣುಮಗಳೆಂದರೆ ಖಾಜಾಹುಸೇನನ ಹೆಂಡತಿ ಹಜರಾಬೀ. ಅವಳು ನನ್ನನ್ನು ತಮ್ಮನ ಹಾಗೆ ನೋಡಿಕೊಂಡು ರೊಟ್ಟಿ ಹಾಕುತ್ತಾಳೆ.

ಕೆಲಸ ಹೆಚ್ಚಾಗಿದೆ, ಅದಕ್ಕೇ ಬರೆಯಲಾಗಲಿಲ್ಲ. ಖಾಜಾಹುಸೇನ ಬೇರೆ ಕೆಲಸ ನೋಡಿಕೊಂಡ. ಕ್ಯಾಂಪಿನ ಮುಂದೆ ಸೈಕಲ್ ರಿಪೇರಿ ಅಂಗಡಿ ಹಾಕಿದ್ದಾನೆ. ಆದ್ದರಿಂದ ಅವನ ಗೇಜನ್ನೂ ನಾನೇ ನೋಡುತ್ತೇನೆ. ಮೂರು ಮೈಲಿ ಹೋಗಬೇಕು, ಮೂರು ಮೈಲಿ ಬರಬೇಕು. ರಿಜಿಸ್ಟರಿನಲ್ಲಿ ಒಂದು ದಿನವೂ ಖಾಲಿ ಬಿಟ್ಟಿಲ್ಲ. ನನ್ನ ಅಕ್ಷರ ಚೆಂದ ಎಂದು ಸಾಹೇಬರು ಹೇಳುತ್ತಿದ್ದರು.

ಮೋನಮ್ಮನ ಮನೆಯವರಿಗೆ ಬೇಸಿಗೆಗೆ ಎಂದು ಹೇಳು. ಅಷ್ಟರಲ್ಲಿ ಒಂದು ನೆಲೆ ಆಗುತ್ತದೆ. ಕುಪ್ಪಸ ವಾಪಸ್ ಕಳಿಸಬೇಡ.

ಈಶಪ್ಪ


ಸೈದಾಪುರ
10 ನವೆಂಬರ್ 1991

ಪ್ರೀತಿಯ ತಮ್ಮನಿಗೆ,

ದೀಪಾವಳಿಗೆ ನೀನು ಬರಲಿಲ್ಲ, ಇರಲಿ. ನಾವೂ ರಜೆಯಲ್ಲಿ ಎಲ್ಲಿಗೂ ಹೋಗಲಿಲ್ಲ. ಅವ್ವ ಹೋಳಿಗೆ ಮಾಡಿದ್ದಳು. ನಿನ್ನ ಪಾಲಿನದನ್ನು ಪಕ್ಕದ ಮನೆಯ ಮಕ್ಕಳು ತಿಂದವು.

ಕಾಲುವೆಯ ದಂಡೆಯ ಮೇಲೆ ಬೆಳಗಿನ ಹೊತ್ತು ಚಳಿ ಇರುತ್ತದೆ. ಉಣ್ಣೆಯ ಶಾಲು ಕಳಿಸಿದ್ದೇನೆ, ಹೊದ್ದುಕೋ. ಹೊಟ್ಟೆಗೆ ಸರಿಯಾಗಿ ತಿನ್ನು. ನಿನ್ನ ಕೊರಳೆಲುಬು ಕಾಣುವ ಹಾಗೆ ಆಗಬಾರದು.

ಪೇಪರಿನಲ್ಲಿ ರೈಲ್ವೆಯ ನೇಮಕಾತಿ ಬಂದಿದೆ, ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನಿನ್ನ ಗೆಳೆಯರಲ್ಲಿ ಯಾರಿಗಾದರೂ ಬೇಕಾದೀತು. ನೀನೂ ಸುಮ್ಮನೆ ಒಂದು ಅರ್ಜಿ ಹಾಕಿದರೆ ತಪ್ಪೇನಿಲ್ಲ. ಗುಲ್ಬರ್ಗಾದ ಉದ್ಯೋಗ ವಿನಿಮಯ ಕೇಂದ್ರದಲ್ಲಿ ನಿನ್ನ ಹೆಸರು ನವೀಕರಿಸುವ ದಿನವೂ ಹತ್ತಿರ ಬಂತು, ಮರೆಯಬೇಡ.

ಬೇರೆ ಏನೂ ವಿಶೇಷವಿಲ್ಲ. ಹೆಚ್ಚು ನಡೆಯಬೇಡ.

ಅಕ್ಕ


ಕಾಲುವೆ ಕ್ಯಾಂಪ್
2 ಡಿಸೆಂಬರ್ 1991

ಅಕ್ಕನಿಗೆ,

ಶಾಲು ಬಂತು. ಹೊಸದರ ಹಾಗಿದೆ, ನಿನ್ನದೇ ಇರಬೇಕು.

ಕಾಗದದಲ್ಲಿ ಸಗರದವರ ಮಾತೇ ಇಲ್ಲ. ಬೈಗುಳವೂ ಇಲ್ಲ. ಅವರು ಬೇರೆ ವರನನ್ನು ನೋಡಿಕೊಂಡರೇ? ಹಾಗಾಗಿದ್ದರೆ ಮುಚ್ಚಿಡಬೇಡ. ರೈಲ್ವೆಯ ಕಾಗದ ಯಾಕೆ ಕಳಿಸಿದೆ? ನಿನ್ನ ತಮ್ಮನ ಕೆಲಸ ಮದುವೆಯ ಸಂತೆಯಲ್ಲಿ ಸಾಲದಾಯಿತು ಎಂದು ತಾನೇ ಅರ್ಥ? ಓದಿದಾಗ ನನಗೆ ನಿಜವಾಗಿ ನೋವಾಯಿತು. ಅದನ್ನು ಹರಿದು ಹಾಕಿದೆ.

ಇಲ್ಲಿ ಇನ್ನೊಂದು ಚಿಂತೆ. ಖಾಜಾಹುಸೇನನ ಗೇಜಿನಿಂದ ಸ್ವಲ್ಪ ಕೆಳಗೆ ದಂಡೆಯ ಹೊರಮೈಯಲ್ಲಿ ಒಂದು ಕಡೆ ಸದಾ ಹಸಿ ಇರುತ್ತದೆ. ಮೊದಲು ಅಂಗೈಯಷ್ಟಿತ್ತು, ಈಗ ಚಾಪೆಯಷ್ಟಾಗಿದೆ. ಒಳಗೆ ಏಡಿಗಳು ಬಿಲ ತೋಡಿವೆ. ಹೋದ ವರ್ಷ ಇಂಥದು ಕಂಡರೆ ದಂಡೆ ದುರಸ್ತಿಯ ಗ್ಯಾಂಗಿನವರು ಒಂದೇ ದಿನದಲ್ಲಿ ಗರಸು ಮಣ್ಣು ತುಂಬಿ ತುಳಿದುಬಿಡುತ್ತಿದ್ದರು. ಈಗ ಗ್ಯಾಂಗಿಲ್ಲ. ತಳದಲ್ಲಿ ಹೂಳು ತುಂಬಿದೆ, ದಂಡೆಯ ಮೇಲೆ ಜಾಲಿ ಬೆಳೆದಿದೆ. ನಾನೇ ಎರಡು ದಿನ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದೆ. ಒಬ್ಬನಿಂದ ಆಗುವ ಕೆಲಸವಲ್ಲ. ಆಫೀಸಿಗೆ ಹೋಗಿ ಹೇಳಬೇಕು.

ಈಶಪ್ಪ


ಸೈದಾಪುರ
26 ಜನವರಿ 1992

ಈಶಪ್ಪ, ತಮ್ಮಾ,

ಶಾಲೆಯಲ್ಲಿ ಬಾವುಟ ಹಾರಿಸಿ ಬಂದು ಬರೆಯುತ್ತಿದ್ದೇನೆ. ಕಾಲುವೆ ಒಡೆದ ಸುದ್ದಿ ಪೇಪರಿನಲ್ಲಿ ಬಂದು ಹತ್ತು ದಿನವಾಯಿತು. ನಿನ್ನಿಂದ ಕಾಗದವಿಲ್ಲ. ತಂತಿ ಕಳಿಸಿದೆ, ಅದಕ್ಕೂ ಉತ್ತರವಿಲ್ಲ. ನೀನು ಕ್ಷೇಮವೆಂದು ಒಂದು ಕಾರ್ಡಿನಲ್ಲಿ ಒಂದು ಸಾಲು ಬರೆದರೆ ಸಾಕು.

ಇನ್ನು ನಾನು ಮುಚ್ಚಿಡುವುದಿಲ್ಲ. ದೀಪಾವಳಿ ರಜೆಯಲ್ಲಿ ನಾನು ಕ್ಯಾಂಪಿಗೆ ಬಂದಿದ್ದೆ. ನಿನಗೆ ತಿಳಿಸದೆ ಬಂದು, ಯಾವ ಹುಡುಗಿ ಇದ್ದಾಳೋ ನೋಡಿಯೇ ಬಿಡೋಣ ಎಂದು. ಬಸ್ಸಿಳಿದು ಸೈಕಲ್ ಅಂಗಡಿಯಲ್ಲಿ ಕೇಳಿದೆ. ಖಾಜಾಹುಸೇನನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. "ಗೇಜ್ ರೀಡರ್ ಈಶಪ್ಪ ಎಲ್ಲಿ ಸಿಗ್ತಾನ?" ಎಂದೆ. ಅವನು ನಕ್ಕು ಹೇಳಿದ: "ಆಗಸ್ಟಿನಾಗ ಇಪ್ಪತ್ತೆರಡು ಮಂದೀನ ತೆಗದಾರ್ರಿ ಅಕ್ಕಾ. ನಾನೂ ಅದರಾಗ, ಅವನೂ ಅದರಾಗ. ನಾ ಸೈಕಲ್ ಬಿಚ್ಚೂ ಪಾನಾ ಹಿಡದೀನಿ, ಅವ ಇನ್ನಾ ರಿಜಿಸ್ಟರ್ ಹಿಡಕೊಂಡು ಅಡ್ಡಾಡಾಕತ್ತಾನ. ಹೇಳಿದ್ರ ಕೇಳಂಗಿಲ್ಲ. ಅಲ್ಲಿ ನೋಡ್ರಿ."

ನೋಡಿದೆ. ನೀನು ದಂಡೆಯ ಮೇಲೆ ಬಗ್ಗಿ ನಿಂತು ನೀರನ್ನು ನೋಡಿದೆ, ಬರೆದೆ, ಗಡಿಯಾರ ನೋಡಿದೆ, ಅದನ್ನೂ ಬರೆದೆ. ಅಂಗಿ ಮೈಯಲ್ಲಿ ಜೋತಾಡುತ್ತಿತ್ತು. ನಾನು ಕೂಗಿದ್ದರೆ ಕೇಳಿಸುವಷ್ಟು ಹತ್ತಿರ ಇದ್ದೆ. ಕೂಗಲಿಲ್ಲ. ಅಕ್ಕನಿಗೆ ತಿಳಿಯಿತು ಎಂದು ನಿನಗೆ ತಿಳಿದರೆ ನೀನು ಮತ್ತೆ ಹೇಗೆ ನಿಲ್ಲುತ್ತೀ ಎಂದು ಭಯವಾಯಿತು. ಅದೇ ಬಸ್ಸಿಗೆ ತಿರುಗಿ ಬಂದೆ.

ಸಗರದವರು ಎಲ್ಲಿಗೂ ಹೋಗಿಲ್ಲ. ಅವರ ಮಾತು ಎತ್ತಲು ನನಗೇ ಬಾಯಿ ಬರಲಿಲ್ಲ.

ಬರೆ. ಇಲ್ಲವೆ ಬಾ.

ಮಲ್ಲಿಕಮ್ಮ


ಕಾಲುವೆ ಕ್ಯಾಂಪ್
9 ಫೆಬ್ರವರಿ 1992

ಅಕ್ಕ,

ನಿನ್ನ ಕಾಗದವನ್ನು ಹಜರಾಬೀ ಸೆರಗಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದಳು. ನಾನು ನಾಲ್ಕು ದಿನ ಊರಲ್ಲಿರಲಿಲ್ಲ. ಅದಕ್ಕೆ ಮೊದಲು ನಿನ್ನ ತಂತಿಯೂ ಬಂದಿತ್ತು, ಮತ್ತೆ ಸುಳ್ಳು ಬರೆಯಲು ಕೈ ಬರಲಿಲ್ಲ. ಎಲ್ಲಿದ್ದೆ ಎನ್ನುವುದನ್ನೂ ಬರೆಯುತ್ತೇನೆ. ಎಲ್ಲ ಬರೆಯುತ್ತೇನೆ.

ಆಗಸ್ಟ್ ಮೂವತ್ತೊಂದರ ಸಂಜೆ ಆಫೀಸಿನ ಬಾಗಿಲಿಗೆ ಒಂದು ಪಟ್ಟಿ ಹಚ್ಚಿದರು. ಕಾಲುವೆ ಕಟ್ಟಿ ಮುಗಿಯಿತು, ಇನ್ನು ದಿನಗೂಲಿಯವರು ಬೇಡ ಎಂದು ಮೇಲಿನಿಂದ ಆದೇಶ. ಇಪ್ಪತ್ತೆರಡು ಹೆಸರು. ನನ್ನದು ಹತ್ತೊಂಬತ್ತನೆಯದು. ಸಾಹೇಬರು ಹೊರಗೆ ಬಂದು, "ನನ್ನ ಕೈಯಾಗ ಏನೂ ಇಲ್ರಪ್ಪಾ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಮುಂದಿನ ವಾರ ಅವರಿಗೂ ವರ್ಗವಾಯಿತು.

ಮುಂದೆ ಯಾವತ್ತಾದರೂ ಖಾಯಂ ಮಾಡಿದರೆ, ಸೇವೆಯಲ್ಲಿ ಬಿಟ್ಟ ದಿನ ಇಲ್ಲದವರನ್ನೇ ಮೊದಲು ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಯಾರು ಹೇಳಿದರು ಎಂದು ಈಗ ನೆನಪೂ ಇಲ್ಲ. ನಾನು ಅದನ್ನೇ ಹಿಡಿದೆ. ಮರುದಿನ ಬೆಳಗ್ಗೆ ಆರಕ್ಕೆ ಗೇಜಿನ ಹತ್ತಿರ ಇದ್ದೆ. ನಡುವಿನ ಹೊತ್ತಿನಲ್ಲಿ ಗದ್ದೆಗಳಲ್ಲಿ ಕಳೆ ಕಿತ್ತೆ. ಸಂಜೆ ಆರಕ್ಕೆ ಮತ್ತೆ ಗೇಜಿಗೆ. ಮೊದಲು ಖಾಯಮ್ಮಿಗಾಗಿ ಹೋದೆ. ಆಮೇಲೆ, ಅಕ್ಕ, ಹೋಗದೆ ಇದ್ದರೆ ಆ ದಿನ ನಾನು ಯಾರು ಎನ್ನುವುದೇ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಹೋದೆ.

ಹಸಿಯ ಬಗ್ಗೆ ಬರೆದಿದ್ದೆನಲ್ಲ. ಡಿಸೆಂಬರಿನಲ್ಲಿ ಎರಡು ಸಲ, ಜನವರಿಯಲ್ಲಿ ಒಂದು ಸಲ ಆಫೀಸಿಗೆ ಹೋದೆ. ಹೊಸ ಇಂಜಿನಿಯರು, ನನಗಿಂತ ಚಿಕ್ಕ ವಯಸ್ಸು. "ಯಾರಪ್ಪಾ ನೀನು?" ಎಂದರು.

"ಗೇಜ್ ರೀಡರ್ ರೀ ಸಾಹೇಬ್ರ."

"ಈ ಸೆಕ್ಷನ್ನಿನಾಗ ಗೇಜ್ ರೀಡರ್ ಅಂತ ಯಾರೂ ಇಲ್ಲ."

"ಮೊದಲ ಇದ್ದೆ ರೀ. ದಂಡಿ ಜಿನುಗಾಕತ್ತೈತ್ರಿ, ಈ ವಾರದಾಗ ಗರಸು ಹಾಕಿಸದಿದ್ರ ಹೋಗ್ತೈತ್ರಿ. ರಿಜಿಸ್ಟರಿನಾಗ ದಿನಾ ಬರದೀನಿ, ನೋಡ್ರಿ."

ಅವರು ರಿಜಿಸ್ಟರ್ ತಿರುವಿ ನೋಡಿದರು. ಹಾಜರಿ ಪಟ್ಟಿಯನ್ನೂ ತರಿಸಿ ನೋಡಿದರು. ಆಮೇಲೆ ಮೆಲ್ಲಗೆ, ಬೈಯದೆ ಹೇಳಿದರು: "ಹಾಜರಿಯಾಗ ನೀನ ಇಲ್ಲ. ನೀನ ಇಲ್ಲಂದ ಮ್ಯಾಲೆ ನೀ ನೋಡಿದ್ದನ್ನ ನಾ ಹೆಂಗ ಬರಕೊಳ್ಳಲಿ? ಮ್ಯಾಲಿನವರು ಕೇಳಿದ್ರ ಯಾರು ಹೇಳಿದ್ರು ಅಂತ ತೋರಿಸಲಿ? ಇಡೀ ಸೆಕ್ಷನ್ನಿಗೆ ನಾ ಒಬ್ಬ, ಜೀಪು ಒಂದು, ಅದಕ ಡ್ರೈವರ್ ಇಲ್ಲ." ಅವರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಹದಿನಾಲ್ಕನೆಯ ತಾರೀಕು ಬೆಳಗ್ಗೆ ಐದೂವರೆಗೆ ನಾನು ಮೂರು ಮೈಲಿ ನಡೆದು ಹೋಗುವಷ್ಟರಲ್ಲಿ ದಂಡೆ ಹೋಗಿತ್ತು. ಸದ್ದು ದೂರದಿಂದಲೇ ಕೇಳುತ್ತಿತ್ತು, ರೈಲುಗಾಡಿ ಹೋಗುವ ಸದ್ದಿನ ಹಾಗೆ, ಆದರೆ ಅದು ಹೋಗಿ ಮುಗಿಯುತ್ತಲೇ ಇರಲಿಲ್ಲ. ಐವತ್ತು ಗಜ ಅಗಲ ಒಡೆದಿತ್ತು. ಕೆಳಗಿನ ಗದ್ದೆಗಳ ಮೇಲೆ ಆಳೆತ್ತರ ನೀರು. ಅದಕ್ಕಿಂತ ಕೆಟ್ಟದ್ದು ಮುಂದಿನದು. ಒಡೆದ ಜಾಗದಿಂದ ಆಚೆಗೆ ಶಹಾಪುರದ ಕಡೆಯ ಹನ್ನೊಂದು ಊರಿಗೆ ಆ ದಿನದಿಂದ ಹನಿ ನೀರಿಲ್ಲ. ಎರಡನೆಯ ಬೆಳೆಗೆ ಸಸಿ ಹಚ್ಚುವ ಹೊತ್ತು. ಸಸಿಯೆಲ್ಲ ಮಡಿಯಲ್ಲೇ ಒಣಗಿತು. ಸೈದಾಪುರದಿಂದ ಬಂದ ಹೆಣ್ಣುಮಕ್ಕಳು ಎರಡು ದಿನ ಕ್ಯಾಂಪಿನ ಬೇವಿನ ಮರದ ಕೆಳಗೆ ಕೂತಿದ್ದು ತಿರುಗಿ ಹೋದರು. ನಿನ್ನ ಲಾಲಮ್ಮ ನನ್ನನ್ನು ಗುರುತು ಹಿಡಿದು, "ಟೀಚರ್ ತಮ್ಮ ಅಲ್ಲೇನ್ರಿ? ನೀರು ಯಾವಾಗ ಬಿಡ್ತೀರಿ?" ಎಂದಳು. ನಾನು ಬಿಡುತ್ತೇನಂತೆ.

ತಪ್ಪಿತಸ್ಥ ಯಾರಾದರೂ ಬೇಕಲ್ಲ. ಸಂಬಂಧವಿಲ್ಲದ ಒಬ್ಬ ಮನುಷ್ಯ ದಿನಾ ಕಾಲುವೆಯ ಮೇಲೆ ಓಡಾಡಿ ಮಣ್ಣು ಕೆದರುತ್ತಿದ್ದ ಎಂದು ಯಾರೋ ಹೇಳಿಕೆ ಕೊಟ್ಟರು. ಬುಟ್ಟಿಯಲ್ಲಿ ಮಣ್ಣು ಹಾಕಿದ್ದನ್ನು ನೋಡಿದವರಿದ್ದರು. ವಿಚಾರಣೆ ನಡೆದು ನಡೆದು ಈ ತಿಂಗಳ ಮೊದಲಲ್ಲಿ ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ನಾಲ್ಕು ದಿನ.

"ದಿನಾ ದಂಡಿ ಮ್ಯಾಲೆ ಏನ್ ಮಾಡ್ತಿದ್ದಿ?"

"ಅಳತಿ ನೋಡ್ತಿದ್ದೆ ರೀ."

"ಯಾರು ಹೇಳಿದ್ರು?"

"ಯಾರೂ ಇಲ್ರಿ."

"ಪಗಾರ?"

"ಇಲ್ರಿ."

"ಪಗಾರ ಇಲ್ದ ಯಾವನರ ಕೆಲಸ ಮಾಡ್ತಾನೇನಲೇ? ಯಾರ ಹೊಲಕ್ಕ ನೀರು ಕಳವು ಮಾಡ್ತಿದ್ದಿ, ಹೇಳು."

ರಿಜಿಸ್ಟರ್ ತೆಗೆದು ತೋರಿಸಿದೆ, ಅಕ್ಕ. ನಾನು ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಹೊಡೆಯಲಿಲ್ಲ. ಖಾಜಾಹುಸೇನ ಊರಿನ ಹಿರಿಯರನ್ನು ಕರೆದುಕೊಂಡು ಬಂದು ಬಿಡಿಸಿದ. ರಿಜಿಸ್ಟರನ್ನು ಅವರೇ ಇಟ್ಟುಕೊಂಡರು.

ನೀನು ಕೂಗದೆ ಹೋದದ್ದು ಒಳ್ಳೆಯದಾಯಿತು. ಕೂಗಿದ್ದರೆ ನನ್ನ ಈ ನಾಟಕ ಅಂದೇ ಮುಗಿಯುತ್ತಿತ್ತು, ಅದೂ ನಿಜ. ಯಾವುದು ಒಳ್ಳೆಯದೋ ನನಗೆ ತಿಳಿಯದು.

ಈಶಪ್ಪ


ಸೈದಾಪುರ
1 ಮಾರ್ಚ್ 1992

ತಮ್ಮನಿಗೆ,

ನಿನ್ನ ಕಾಗದವನ್ನು ಅವ್ವನಿಗೆ ಓದಲಿಲ್ಲ. ಕಾಲುವೆ ಒಡೆದದ್ದನ್ನು ನೀನು ಸರಿಮಾಡಿಸುತ್ತಿದ್ದೀ, ಅದಕ್ಕೇ ಬರಲಾಗದು ಎಂದೆ. ನಂಬಿದಳು. ಅವಳಿಗೆ ನಾನು ಹೇಳುವ ಸುಳ್ಳು ಇದು ಎಷ್ಟನೆಯದೋ.

ಹೋದ ಭಾನುವಾರ ಸಗರಕ್ಕೆ ಹೋದೆ. ಸುಳ್ಳು ಹೇಳಿದವಳು ನಾನು, ನಾನೇ ಹೋಗಿ ಹೇಳಬೇಕಲ್ಲ. ಮರಿಲಿಂಗಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಅವರೂ ಮೊದಲ ಸಲ ಎರಡು ಎಕರೆಗೆ ನೆಲ್ಲು ಹಚ್ಚಲು ಮಡಿ ಮಾಡಿದ್ದರಂತೆ, ನಿನ್ನ ಕಾಲುವೆಯ ನೀರನ್ನೇ ನಂಬಿ. ಮಡಿ ಒಣಗಿ ಹುಲ್ಲಿನ ಹಾಗೆ ಆಗಿತ್ತು. ನಾನು ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. "ಹುಡುಗ ಒಳ್ಳ್ಯಾವ ಅದಾನ್ರಿ ಟೀಚರ, ಅದು ತಿಳೀತು. ಆದ್ರ ಒಳ್ಳ್ಯಾವ ಅನ್ನೂದ ಒಂದ ನೋಡಿ ಹೆಂಗ ಕೊಡ್ಲಿ?" ಎಂದರು.

ಮೋನಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ಕಲಿತ ಮೇಲೆ ಕೆಲಸಕ್ಕೆ ಇಟ್ಟುಕೊಂಡಿದ್ದ ಶಹಾಪುರದ ಹೊಲಿಗೆ ಅಂಗಡಿಯವರು ಅವಳನ್ನು ಬಿಡಿಸಿದ್ದಾರೆ. ಊರೂರಲ್ಲಿ ಕೂಲಿ ನಿಂತ ಮೇಲೆ ಕುಪ್ಪಸ ಹೊಲಿಸುವವರು ಯಾರು? ನನ್ನನ್ನು ಕಳಿಸಲು ಬಸ್ಸಿನ ತನಕ ಬಂದಳು. "ಐದು ತಿಂಗಳು ಪಗಾರ ಇಲ್ದ ಹೋಗ್ಯಾನಂದ್ರ, ಅಂಥವನ ಜೋಡಿ ನಾ ಬಾಳೇ ಮಾಡ್ತಿದ್ದೆ ರೀ ಅಕ್ಕಾರ" ಎಂದಳು. "ಆದ್ರ ನಮ್ಮಪ್ಪನ ಮುಂದ ಅದನ್ನ ಹೇಳಾಕ ನನಗ ಧೈರ್ಯ ಇಲ್ಲ." ಬಸ್ಸು ಬಂತು. ನಾನು ಅವಳ ಕೈ ಹಿಡಿದುಕೊಂಡೆ, ಅಷ್ಟೇ. ವೈಶಾಖದಲ್ಲಿ ಅವಳ ಮದುವೆ, ಚಿತ್ತಾಪುರದ ಕಡೆಯ ಒಬ್ಬ ಜವಾನನ ಜೊತೆ. ಖಾಯಂ ನೌಕರಿ. ಮೊದಲ ಹೆಂಡತಿ ತೀರಿಕೊಂಡಿದ್ದಾಳೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮುಚ್ಚಿಟ್ಟು ನಾವಿಬ್ಬರೂ ಏನು ಕಂಡೆವು?

ನನ್ನ ತರಗತಿಯಲ್ಲಿ ಈಗ ಹದಿನೇಳು ಮಕ್ಕಳು. ಕ್ಯಾಂಪಿನಿಂದ ತಿರುಗಿ ಬಂದವರೆಲ್ಲ ಮುಂಬಯಿಯ ಗಾಡಿ ಹತ್ತುತ್ತಿದ್ದಾರೆ, ಈ ಸಲ ಮಕ್ಕಳ ಸಮೇತ. ಸ್ಟೇಷನ್ನಿನಲ್ಲಿ ಪಾತ್ರೆ ಪಗಡೆಯ ಗಂಟುಗಳ ನಡುವೆ ನನ್ನ ಮಕ್ಕಳು ಕೂತಿರುತ್ತವೆ. ನನ್ನನ್ನು ಕಂಡು ಎದ್ದು ನಿಲ್ಲುತ್ತವೆ, ತರಗತಿಗೆ ಬಂದೆನೆಂಬಂತೆ. ಹೀಗೇ ಆದರೆ ಜೂನಿನಿಂದ ಒಬ್ಬ ಶಿಕ್ಷಕಿ ಹೆಚ್ಚಾಗುತ್ತಾಳೆ ಎಂದು ಹೆಡ್‌ಮಾಸ್ತರರು ಹೇಳಿದರು. ಎಲ್ಲರಿಗಿಂತ ಹೊಸಬಳು ನಾನೇ. ಎಲ್ಲಿಗೆ ಹಾಕುತ್ತಾರೋ, ಅವ್ವನನ್ನು ಅಲ್ಲಿಗೆ ಹೇಗೆ ಕರೆದುಕೊಂಡು ಹೋಗುವುದೋ.

ನೀನು ಬಾ. ಮೂವರೂ ಒಂದು ಕಡೆ ಇರೋಣ. ನನ್ನ ಪಗಾರ ಇನ್ನೂ ಇದೆ.

ಅಕ್ಕ


ಕಾಲುವೆ ಕ್ಯಾಂಪ್
5 ಏಪ್ರಿಲ್ 1992

ಅಕ್ಕನಿಗೆ,

ನಿನ್ನೆ ಯುಗಾದಿ. ಹಜರಾಬೀ ಕ್ಯಾಂಪಿನ ಮರದಿಂದ ಬೇವಿನ ಹೂ ಕಿತ್ತು ತಂದು, "ನಿಮ್ಮ ಹಬ್ಬ ಅಲ್ಲೇನೋ" ಎಂದು ಬೆಲ್ಲದ ಜೊತೆ ಕೊಟ್ಟಳು. ಅವರ ಸೈಕಲ್ ಅಂಗಡಿ ಮುಚ್ಚಿದೆ. ಕ್ಯಾಂಪಿನಲ್ಲಿ ಸೈಕಲ್ ತುಳಿಯುವವರೇ ಉಳಿದಿಲ್ಲ. ಸುರಪುರದ ಆ ಮೂರು ಬಟ್ಟೆ ಅಂಗಡಿಗಳಲ್ಲಿ ಎರಡಕ್ಕೆ ಬೀಗ ಬಿದ್ದಿದೆ.

ಮೋನಮ್ಮನ ಮಾತು ಬರೆದದ್ದು ಒಳ್ಳೆಯದಾಯಿತು. ಬೇರೆ ಏನೂ ಬರೆಯಲಾರೆ.

ನಾನು ಇಷ್ಟು ದಿನ ಬರೆಯದೆ ಇದ್ದುದಕ್ಕೆ ಈ ಸಲ ನಿಜವಾದ ಕಾರಣವಿದೆ. ಕೆಲಸವಿತ್ತು. ಒಡೆದ ದಂಡೆ ಕಟ್ಟುವುದನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟರು. ಅವನ ಮುನ್ಷಿ ಬಂದು ಆಳು ಬೇಕೆಂದ. ತೆಗೆದುಹಾಕಿದ ಇಪ್ಪತ್ತೆರಡು ಮಂದಿಯಲ್ಲಿ ಹದಿನಾಲ್ಕು ಮಂದಿ ಹೋದೆವು. ಸೈದಾಪುರದಿಂದ ಲಾಲಮ್ಮನ ಗುಂಪೂ ಬಂತು. ಹೆಸರೇನು ಎಂದು ಮುನ್ಷಿ ಕೇಳಿದ, ಮೊದಲು ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ. ನಲವತ್ತು ದಿನ ಕಲ್ಲು ಹೊತ್ತೆವು, ಗರಸು ತುಂಬಿದೆವು, ನೀರು ಹಾಕಿ ತುಳಿದೆವು. ಎಲ್ಲಿ ಏಡಿ ಬಿಲವಿತ್ತು, ಎಲ್ಲಿ ಮಣ್ಣು ಸಡಿಲ ಎಂದು ನನಗೆ ಗೊತ್ತಿತ್ತು. ಆ ಹೊಸ ಇಂಜಿನಿಯರು ಎರಡು ಸಲ ನನ್ನನ್ನೇ ಕರೆದು ಕೇಳಿದರು. ಒಳ್ಳೆಯ ಕೆಲಸ ಮಾಡಿದೆವು, ಅಕ್ಕ. ಸಂಜೆ ಮೈಯೆಲ್ಲ ನೋಯುತ್ತಿತ್ತು, ನಿದ್ದೆ ಬರುತ್ತಿತ್ತು. ಹಜರಾಬೀಯ ಮುಂದೆ ತಲೆ ಎತ್ತಿ ರೊಟ್ಟಿ ತಿಂದೆ.

ಶುಕ್ರವಾರ ನೀರು ಬಿಟ್ಟರು. ಬೆಳೆಯ ಕಾಲ ಮುಗಿದಿದೆ, ಗದ್ದೆಗಳು ಬಿರುಕು ಬಿಟ್ಟಿವೆ. ಕೊನೆಯ ಊರುಗಳಿಗೆ ಕುಡಿಯುವ ನೀರಿಗೆಂದು ಬಿಟ್ಟದ್ದು. ಆದರೂ ಜನ ಬಂದು ಕುಂಕುಮ ಹಾಕಿದರು. ದೊಡ್ಡ ಸಾಹೇಬರು ಬಂದು ತೆಂಗಿನಕಾಯಿ ಒಡೆದರು. ನೀರು ನಾವು ಕಟ್ಟಿದ ದಂಡೆಗೆ ಬಂದು ತಾಗಿತು, ಸ್ವಲ್ಪ ತಡೆಯಿತು, ಆಮೇಲೆ ಮುಂದೆ ಹೋಯಿತು. ಒಂದು ಹನಿ ಹೊರಗೆ ಜಿನುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮುನ್ಷಿ ನಮ್ಮ ಕಡೆಗೆ ತಿರುಗಿ, "ಆತು, ನಾಳಿಂದ ಯಾರೂ ಬರಬ್ಯಾಡ್ರಿ" ಎಂದ. ಲಾಲಮ್ಮ ಬುಟ್ಟಿಯನ್ನು ಕೆಳಗಿಡದೆ ಹಾಗೇ ನಿಂತಿದ್ದಳು. "ಇಷ್ಟ ಲಗೂನ ಮುಗೀತೇನ್ರಿ?" ಎಂದು ಕೇಳಿದಳು. ಅವನು ಬುಟ್ಟಿಗಳನ್ನು ಎಣಿಸತೊಡಗಿದ.

ನಿನ್ನ ಜೊತೆ ಬಂದು ಇರಲಾರೆ, ಬಲವಂತ ಮಾಡಬೇಡ. ಲಾಲಮ್ಮನ ಗುಂಪು ಈ ಗುರುವಾರ ಮುಂಬಯಿಗೆ ಹೋಗುತ್ತದೆ, ಅವರ ಜೊತೆ ನಾನೂ, ಖಾಜಾಹುಸೇನನೂ. ಅಲ್ಲಿ ಎಲ್ಲೋ ಕಟ್ಟಡದ ಕೆಲಸವಿದೆಯಂತೆ, ಇದ್ದರೂ ಇರಬಹುದು. ಸೈದಾಪುರದಲ್ಲೇ ಗಾಡಿ ಹತ್ತುತ್ತೇವೆ. ಮನೆಗೆ ಬರುವುದಿಲ್ಲ. ಅವ್ವನ ಮುಖ ನೋಡಿದರೆ ಹೋಗಲಾರೆ. ನೀನೊಬ್ಬಳೇ ಸ್ಟೇಷನ್ನಿಗೆ ಬಾ, ಶಾಲೆ ಬಿಟ್ಟ ಮೇಲೆ ಬಂದರೂ ಹೊತ್ತಿರುತ್ತದೆ.

ಅಲ್ಲಿ ಎದುರಿಗೆ ನಿಂತು ಹೇಳಲಾಗದ ಒಂದು ಮಾತಿದೆ. ಅದಕ್ಕೇ ಇಲ್ಲಿ ಬರೆಯುತ್ತೇನೆ.

ಶುಕ್ರವಾರ ಎಲ್ಲರೂ ಹೋದ ಮೇಲೆ ನಾನು ಆ ಹೊಸ ದಂಡೆಯ ಮೇಲೆ ಒಬ್ಬನೇ ನಿಂತಿದ್ದೆ. ಹನ್ನೊಂದು ಊರ ಜನರ ಬಾಯಿಗೆ ಹೋಗುವ ನೀರು ಕಾಲ ಕೆಳಗೆ ಹರಿಯುತ್ತಿತ್ತು. ಕಲ್ಲು ಕಲ್ಲೂ ನಮ್ಮ ಕೈಯಿಂದ ಕೂತದ್ದು. ಇದು ಇನ್ನು ಇಪ್ಪತ್ತು ವರ್ಷ ಹೋಗುವುದಿಲ್ಲ ಎಂದು ಮೊದಲು ಹೆಮ್ಮೆಯಾಯಿತು. ಅದರ ಹಿಂದೆಯೇ, ತಡೆಯುವ ಮೊದಲೇ, ಇನ್ನೊಂದು ಬಂತು. ಇದು ಮತ್ತೆ ಒಡೆಯಲಿ ಎಂದು ಬಂತು. ಇನ್ನೊಂದು ಸಲ ಒಡೆದರೆ ಇನ್ನೂ ನಲವತ್ತು ದಿನ.

ಅದನ್ನು ಬಯಸಿದವನು ನಾನು, ಅಕ್ಕ. ಬೇರೆ ಯಾರೂ ಅಲ್ಲ.

ಈಶಪ್ಪ